ಅಜ್ಜಿಯ 1918ರ ಬೆಳ್ಳಿ ರೂಪಾಯಿಯಲ್ಲಿ ರಾಜನಿಗೆ ಎರಡು ಮೂಗು. ಟಂಕಸಾಲೆಯ ತಪ್ಪಾ? ಎಷ್ಟು ಲಕ್ಷ ಸಿಗಬಹುದು?

ಲಕ್ಷದ ಮಾತು ಆಮೇಲೆ. ನಾನೂ ಹೀಗೇ ಕುಣಿದವನು. ಹದಿನಾಲ್ಕು ಸಾವಿರ ಕಳೆದುಕೊಂಡ ಮೇಲೆ ಕುಣಿತ ನಿಂತಿತು.

ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನ. ಒಬ್ಬರ ಮೇಜಿನ ಮೇಲೆ 1907ರ ಏಳನೇ ಎಡ್ವರ್ಡ್ ರೂಪಾಯಿ ಇತ್ತು. ಒಂದು ಕಡೆ ರಾಜನ ತಲೆ ಎಂದಿನಂತೆ ಉಬ್ಬಿದೆ. ತಿರುಗಿಸಿದರೆ ಅದೇ ತಲೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ಒಳಕ್ಕೆ ತಗ್ಗಿದೆ. ಇದಕ್ಕೆ ಬ್ರಾಕೇಜ್ ಅಂತಾರೆ, ಮಾರುವವರ ಬಾಯಲ್ಲಿ 'ಲಖಿ'. ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ.

ನಾನೇನು ದಡ್ಡನಾ? ಜೇಬಲ್ಲಿ ಪುಟ್ಟ ತಕ್ಕಡಿ ಇತ್ತು. ತೂಗಿದೆ, 11.6 ಗ್ರಾಂ. ಇರಬೇಕಾದದ್ದು 11.66, ಸವೆತಕ್ಕೆ ಅಷ್ಟು ಬಿಡಬಹುದು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಬೆರಳ ತುದಿಯಲ್ಲಿಟ್ಟು ತಟ್ಟಿದೆ, ಟಣ್ ಅಂತು. ದುಡ್ಡು ಎಣಿಸಿ ಕೊಟ್ಟೆ.

ಕೆಟ್ಟಿದ್ದು ಇಲ್ಲೇ. ನಾನು ಪರೀಕ್ಷೆ ಮಾಡಿದ್ದು ಬೆಳ್ಳಿಯನ್ನು, ತಪ್ಪನ್ನಲ್ಲ. ಬೆಳ್ಳಿ ಅಸಲಿ, ತಪ್ಪು ನಕಲಿ! ಯಾರೋ ಎರಡು ಅಸಲಿ ರೂಪಾಯಿ ಒಂದರ ಮೇಲೊಂದಿಟ್ಟು ವೈಸ್‌ನಲ್ಲಿ, ಅಂದರೆ ತಿರುಪು ಹಾಕಿ ಬಿಗಿಯುವ ಕಬ್ಬಿಣದ ಹಿಡಿಯಲ್ಲಿ, ಬಿಗಿದಿದ್ದರು. ಒಂದರ ರಾಜ ಇನ್ನೊಂದರ ಬೆನ್ನಿಗೆ ಒತ್ತಿಕೊಂಡಿದ್ದ. ನಾಣ್ಯ ಅಸಲಿಯೇ ಆದಮೇಲೆ ತೂಕ, ಸದ್ದು ಸರಿಯಾಗೇ ಬರುತ್ತೆ ಅಲ್ವಾ? ಇನ್ನೂ ಹತ್ತು ಸಲ ತೂಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ತಗ್ಗಿದ ಕೆನ್ನೆಯ ಪಕ್ಕ ತಾವರೆಯ ದಂಟು ಮಸುಕಾಗಿ ಕಂಡಿತು. ತಾವರೆ ಇರುವುದು ರೂಪಾಯಿಯ ಹಿಂಬದಿಯಲ್ಲಿ. ಅಸಲಿ ಲಖಿಗೆ ಹಿಂಬದಿಯ ಅಚ್ಚು ತಾಗಿರುವುದೇ ಇಲ್ಲ, ದಂಟು ಎಲ್ಲಿಂದ ಬರಬೇಕು? ಮುಂಬದಿಯಲ್ಲಿ ಉಬ್ಬಿದ ರಾಜನ ಗಡ್ಡವೂ ವೈಸ್‌ನ ಕಬ್ಬಿಣಕ್ಕೆ ಒತ್ತಿ ಚಪ್ಪಟೆಯಾಗಿತ್ತು. ಅದನ್ನು ಪ್ರದರ್ಶನದಲ್ಲೇ ನೋಡಿದ್ದೆ, ಸವೆತ ಅಂದುಕೊಂಡಿದ್ದೆ. ಮಾರಿದವರಿಗೆ ಫೋನ್ ಮಾಡಿದರೆ, "ಬೆಳ್ಳಿ ಒರಿಜಿನಲ್ ತಾನೇ ಸಾರ್?"

ಅದಕ್ಕೇ ಹೇಳುತ್ತೇನೆ, 'ಎಷ್ಟು ಸಿಗಬಹುದು' ಅನ್ನುವ ಪ್ರಶ್ನೆಯೇ ಈಗ ಬೇಡ. ಆ ಎರಡನೇ ಮೂಗು ಟಂಕಸಾಲೆಯೊಳಗೆ ಹುಟ್ಟಿತಾ, ಹೊರಗೆ ಹುಟ್ಟಿತಾ ಅಂತ ಮೊದಲು ನೋಡಿ. ನಾಣ್ಯವನ್ನು ಬೆಳಕಿಗೆ ಓರೆ ಹಿಡಿಯಿರಿ. ಎರಡನೇ ಮೂಗು ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿದ್ದರೆ, ಹೊಡೆಯುವಾಗ ಅಚ್ಚು ಅಲುಗಿದೆ ಅಷ್ಟೇ. ಅದಕ್ಕೆ ಜಾಸ್ತಿ ಕೊಡುವವರಿಲ್ಲ. 1918ರಲ್ಲಿ ಕಲ್ಕತ್ತಾ, ಬಾಂಬೆ ಎರಡೂ ಕಡೆ ಕೋಟಿಗಟ್ಟಲೆ ರೂಪಾಯಿ ಹೊಡೆದಿದ್ದಾರೆ. ಅಂಥದ್ದಕ್ಕೆ 91.7% ಬೆಳ್ಳಿಯ ಲೆಕ್ಕದಲ್ಲಿ ಸುಮಾರು 10.7 ಗ್ರಾಂ ಬೆಲೆ, ಮೇಲೆ ಸ್ವಲ್ಪ. ಎರಡು ಮೂಗೂ ದುಂಡಗಿದ್ದು, ಸುತ್ತಲಿನ ಅಕ್ಷರಗಳೂ ಜೋಡಿಯಾಗಿ ಕಂಡರೆ ಆಗ ಹರಾಜಿನವರಿಗೆ ತೋರಿಸಿ. ಹಳೇ ಹರಾಜುಗಳಲ್ಲಿ ಮಾರಾಟವಾದ ಬೆಲೆ ನೋಡಿ. ವಾಟ್ಸಾಪ್‌ನಲ್ಲಿ ಹೇಳುವ ಬೆಲೆಗೆ ಯಾರೂ ಕೊಳ್ಳುವುದಿಲ್ಲ.

(1911ರ 'ಹಂದಿ ರೂಪಾಯಿ'ಯನ್ನೂ ಎರರ್ ಅಂತ ಮಾರುತ್ತಾರೆ. ರಾಜನ ನಿಲುವಂಗಿ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಯಿತು, ಆನೆಯನ್ನು ತಿದ್ದಿದರು. ಚಿತ್ರ ಬಿಡಿಸಿದ್ದೇ ಹಾಗೆ, ಟಂಕಸಾಲೆಯ ತಪ್ಪೇನೂ ಇಲ್ಲ.)

ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ಅಂಚಿನ ಫೋಟೋ ಹಾಕಿ. ಅಜ್ಜಿ ಅದನ್ನು ಸರಕ್ಕೆ ಪೋಣಿಸಿದ್ದರಾ ಅಂತ ಮನೆಯಲ್ಲಿ ಕೇಳಿ. ಕುಣಿಕೆ ಕಿತ್ತ ಮೇಲೆ ಉಳಿದ ಬೆಸುಗೆಯನ್ನು ಟಂಕಸಾಲೆಯ ತಪ್ಪು ಅಂತ ನನಗೆ ತೋರಿಸಿದವರು ನಾಲ್ಕು ಜನ ಇದ್ದಾರೆ.