ಮಾಪಕ ಸರಿಯಿದ್ದರೆ ಗಾಳಿಯ ದಿಕ್ಕು ನೋಡಿ

ನಗರದಲ್ಲಿ ವಾಹನಗಳನ್ನು ಕಡಿಮೆ ಮಾಡಿದರೂ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಪ್ರಮಾಣ, ಇಳಿಯುತ್ತಿಲ್ಲ, ಮಾಪಕವೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇರಬಹುದು. ಅಗ್ಗದ ಸೆನ್ಸರ್‌ಗಳು ಕಣಗಳಿಂದ ಚದುರುವ ಬೆಳಕನ್ನು ನೋಡಿ ಅಂದಾಜು ಮಾಡುತ್ತವೆ. ತೇವ ಜಾಸ್ತಿಯಾದಾಗ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿ ಸುಮ್ನೆ ಏರುತ್ತದೆ. ಮೊದಲು ಅದನ್ನು ಗಾಳಿಯ ಗುಣಮಟ್ಟ ಅಳೆಯುವ ಒಂದು ಅಧಿಕೃತ ಕೇಂದ್ರದ ಪಕ್ಕದಲ್ಲಿ ಕೆಲವು ವಾರ ಇಟ್ಟು ಹೋಲಿಸಿ.

ಮಾಪಕ ಸರಿಯಿದ್ದರೆ ಪ್ರತಿ ಗಂಟೆಯ ಅಂಕಿಯ ಜೊತೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತಲೂ ಬರೆದಿಡಿ. ದಟ್ಟಣೆಯ ರಸ್ತೆ ಪಕ್ಕದ ಕೇಂದ್ರದಲ್ಲಿ ಮಾತ್ರ ಏರಿದರೆ ಅದು ಬಹುತೇಕ ನಿಮ್ಮದೇ ಹೊಗೆ. ಒಂದೇ ದಿಕ್ಕಿನ ಗಾಳಿಗೆ ಊರಿನ ಎಲ್ಲ ಕೇಂದ್ರಗಳೂ ಒಟ್ಟಿಗೆ ಏರಿದರೆ ಹೊರಗಿನಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ. ಈ ಕಣಗಳು ನೂರಾರು ಕಿಲೋಮೀಟರ್ ಸಾಗುತ್ತವೆ. ಕೆಲವಂತೂ ಹೊಲದ ಅಮೋನಿಯಾ ಮತ್ತು ವಾಹನದ ಹೊಗೆ ಸೇರಿ ದಾರಿಯಲ್ಲೇ ಹುಟ್ಟುತ್ತವೆ!

ಆಗ ಒಂದೇ ನಗರ ಒದ್ದಾಡಿ ಏನು ಪ್ರಯೋಜನ, ಅಲ್ವಾ? ಬೀಜಿಂಗ್ 2013ರಿಂದ ಪಕ್ಕದ ತಿಯಾಂಜಿನ್, ಹೆಬೈ ಜೊತೆ ಸೇರಿ ಕೆಲಸ ಮಾಡಿತು. 2017ರ ಹೊತ್ತಿಗೆ ಬೀಜಿಂಗ್‌ನ ಪಿಎಂ 2.5 ಸುಮಾರು 35% ಇಳಿಯಿತು. ಕಲ್ಲಿದ್ದಲು ಕಡಿತದ ಪಾಲೂ ಅದರಲ್ಲಿ ದೊಡ್ಡದು, ಅದು ಬೇರೆ ಮಾತು. ನೀವೂ ನೆರೆಯ ನಗರದ ಜೊತೆ ಸೇರುವಾಗ ಅವರಿಂದ ದಿನದ ಸರಾಸರಿ ಕೇಳಬೇಡಿ, ಗಂಟೆ ಗಂಟೆಯ ಅಂಕಿಗಳನ್ನೇ ಕೇಳಿ. ಸರಾಸರಿಯಲ್ಲಿ ಗಾಳಿಯ ಜಾಡು ಅಳಿಸಿಹೋಗುತ್ತದೆ.