ಒಗ್ಗರಣೆಗೇ ಕೂಗುವ ಅಲಾರಂ

ಪ್ರಶ್ನೆ: ಅಡುಗೆಮನೆಯಲ್ಲಿ ಸ್ಮೋಕ್ ಅಲಾರಂ ಹಾಕಿಸಿದ್ದೇವೆ. ಒಗ್ಗರಣೆ ಹಾಕಿದರೆ ಸಾಕು, ಕೂಗುತ್ತದೆ. ಬೇಸತ್ತು ಬ್ಯಾಟರಿ ತೆಗೆದಿಟ್ಟಿದ್ದೇವೆ. ಏನು ಮಾಡೋಣ?

ಉತ್ತರ: ಮೊದಲು ಬ್ಯಾಟರಿ ಹಾಕಿ. ಹೊಗೆಯ ವಾಸನೆಗೆ ನಿದ್ದೆಯಿಂದ ಎಚ್ಚರವಾಗುತ್ತದೆಂದು ದಯವಿಟ್ಟು ನಂಬಬೇಡಿ. ತಪ್ಪಿರುವುದು ಅಲಾರಂ ಅಲ್ಲ, ಅದರ ಜಾಗ. ಸಾಸಿವೆ ಸಿಡಿಯುವಾಗ ಬಾಣಲೆಯಿಂದ ಏಳುವ ಎಣ್ಣೆಯ ಹಬೆಯೂ ಅದಕ್ಕೆ ಹೊಗೆಯೇ. ಒಲೆಯಿಂದ ಕನಿಷ್ಠ 3 ಮೀಟರ್ ದೂರದಲ್ಲಿ, ಮಲಗುವ ಕೋಣೆಗಳ ಮುಂದೆ, ಸೀಲಿಂಗಿಗೆ ಹಾಕಿಸಿ. ಫ್ಯಾನಿನ ರೆಕ್ಕೆಯ ತುದಿಯಿಂದಲೂ 1 ಮೀಟರ್ ಬಿಡಿ. ಗಾಳಿ ಹೊಗೆಯನ್ನು ಚದುರಿಸಿಬಿಡುತ್ತದೆ. ಅಡುಗೆಮನೆಗೆ ಶಾಖಕ್ಕೆ ಮಾತ್ರ ಕೂಗುವ ಹೀಟ್ ಅಲಾರಂ ಸರಿ. ಹೊಸ ಸ್ಮೋಕ್ ಅಲಾರಂ ಕೊಳ್ಳುವುದಾದರೆ ಫೋಟೋಎಲೆಕ್ಟ್ರಿಕ್ (ಬೆಳಕಿನ ನೆರವಿನಿಂದ ಹೊಗೆ ಪತ್ತೆಹಚ್ಚುವ) ಬಗೆಯದನ್ನೇ ಕೇಳಿ: ಹಾಸಿಗೆ, ಸೋಫಾ ಒಳಗೊಳಗೇ ಕಮರುವ ಹೊಗೆಯನ್ನು ಬೇಗ ಹಿಡಿಯುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ, ಧೂಳು ತೆಗೆಯಿರಿ. 10 ವರ್ಷಕ್ಕೆ ಇಡೀ ಅಲಾರಂ ಬದಲಿಸಿ.