ಸೀಮೆಹಸು ಮಾರಿಬಿಡೋಣ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಾನು ಮಳವಳ್ಳಿ ತಾಲ್ಲೂಕಿನವಳು. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ) ಹಸು ದಿನಕ್ಕೆ 12 ಲೀಟರ್ ಕೊಡುತ್ತಿತ್ತು. ಬಿಸಿಲು ಶುರುವಾದ ಮೇಲೆ 7ಕ್ಕೆ ಇಳಿದಿದೆ. ಡಾಕ್ಟರು ನೋಡಿದರು, ಜ್ವರ ಇಲ್ಲ. ಎರಡು ಸಲ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ. ಕೊಟ್ಟಿಗೆಗೆ ತಗಡಿನ ಶೀಟು ಹಾಕಿದ್ದೇವೆ. ಬಿಸಿಲು ವರ್ಷ ವರ್ಷ ಜಾಸ್ತಿ ಆಗ್ತಿದೆ, ಇದನ್ನು ಮಾರಿ ಹಳ್ಳಿಕಾರ್ ನಾಟಿ ಹಸು ತರೋಣ ಅಂತಾರೆ ಮನೆಯವರು.

ಉತ್ತರ: ತಂಗ್ಯಮ್ಮ, ಈಗಲೇ ಮಾರಬೇಡಿ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಹಸುವಿನ ಪಕ್ಕ ನಿಂತು, ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಜ್ವರವಿಲ್ಲದೆ 60 ದಾಟಿದರೆ ಅದನ್ನು ಕಾಡುತ್ತಿರುವುದು ಸೆಕೆ.

ಮದ್ದೂರಿನ ಹತ್ತಿರ ನಮ್ಮ ಮನೆಯಲ್ಲೂ 2024ರ ಏಪ್ರಿಲ್‌ನಲ್ಲಿ ಇದೇ ಆಯಿತು. ಹಿಂದಿನ ವರ್ಷ ಬರ. ಹಸಿಹುಲ್ಲು ಇರಲಿಲ್ಲ. ನಮ್ಮ ಹಸು ಗೌರಿ ಜೊಲ್ಲು ಸುರಿಸುತ್ತ ನಿಂತೇ ಇರುತ್ತಿತ್ತು, ಮಲಗುತ್ತಿರಲಿಲ್ಲ. ಹಾಲು ಕಡಿಮೆಯಾಯ್ತು ಅಂತ ನಾನು ಹೊತ್ತೇರಿದ ಮೇಲೆ ಇನ್ನಷ್ಟು ಒಣಹುಲ್ಲು, ಹಿಂಡಿ ಹಾಕುತ್ತಿದ್ದೆ. ಅದು ನಾನು ಮಾಡಿದ ತಪ್ಪು. ತಿಂದ ಮೇವು ಹೊಟ್ಟೆಯಲ್ಲಿ ಹುಳಿಯುವಾಗ ಬಿಸಿ ಹುಟ್ಟುತ್ತದೆ, ತಿಂದ ಕೆಲವು ಗಂಟೆಗೆ ಅದು ಜಾಸ್ತಿಯಾಗುತ್ತದೆ. ಹತ್ತು ಗಂಟೆಗೆ ಹಾಕಿದ ಮೇವು, ಸೂರ್ಯ ನೆತ್ತಿಗೆ ಬಂದಾಗ ಒಳಗಿನಿಂದ ಕಾಯಿಸುತ್ತದೆ. ಮೇಲೆ ತಗಡು ಬೇರೆ. ಎರಡು ಒಲೆ ನಡುವೆ ಕಟ್ಟಿ ಹಾಕಿದ ಹಾಗೆ ಅಲ್ವಾ?

ಈಗ ನಾನು ಬೆಳಗ್ಗೆ ಐದಕ್ಕೆ ಒಂದು ಸಲ, ಹೊತ್ತು ಮುಳುಗಿದ ಮೇಲೆ ಒಂದು ಸಲ ಮೇವು ಹಾಕುತ್ತೇನೆ. ರಾಗಿ ಹುಲ್ಲೆಲ್ಲ ರಾತ್ರಿಗೆ. ಶೀಟಿನ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿದ್ದೇವೆ. ಗರಿ ಸಿಗದಿದ್ದರೆ ಸುಣ್ಣವಾದರೂ ಬಳಿಯಿರಿ. ಹಗಲು ಹೊಂಗೆ ಮರದಡಿ ಕಟ್ಟಿದರೆ ಇನ್ನೂ ಒಳ್ಳೆಯದು. ಮೈಮೇಲೆ ನೀರು ಹಾಕುವವರು ಒಂದು ಮಾತು ನೆನಪಿಡಿ. ಗಾಳಿ ಆಡಬೇಕು, ಇಲ್ಲವೇ ಫ್ಯಾನ್ ತಿರುಗಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಸುಮ್ನೆ ನೀರು ಸುರಿದರೆ ಸೆಕೆ ಹೆಚ್ಚುತ್ತದೆ. ಕುಡಿಯುವ ನೀರು ಸದಾ ತೊಟ್ಟಿಯಲ್ಲಿರಲಿ, ತೊಟ್ಟಿ ನೆರಳಲ್ಲಿರಲಿ. ಬೇಸಿಗೆಯಲ್ಲಿ ಹಾಲು ಕೊಡುವ ಹಸು ದಿನಕ್ಕೆ 80ರಿಂದ 100 ಲೀಟರ್ ಕುಡಿದುಬಿಡುತ್ತದೆ.

ನಮ್ಮ ಕಡೆ ಹುಲ್ಲಿಲ್ಲದಾಗ ಕಬ್ಬಿನ ಸೋಗೆಯೇ ಗತಿ. ಹಾಕಿ, ಆದರೆ ಅದೊಂದನ್ನೇ ಹಾಕಬೇಡಿ. ಸೋಗೆಯಲ್ಲಿರುವ ಆಕ್ಸಲೇಟ್ ಎಂಬ ಅಂಶ ಹಸುವಿಗೆ ಸುಣ್ಣದಂಶ (ಕ್ಯಾಲ್ಸಿಯಂ) ಸಿಗದ ಹಾಗೆ ಹಿಡಿದುಕೊಳ್ಳುತ್ತದೆ. ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಗಬ್ಬದ ವಿಷಯ. ಸೆಕೆಯಲ್ಲಿ ಬೆದೆ ಮಂಕಾಗಿರುತ್ತದೆ, ಬೇಗ ಮುಗಿಯುತ್ತದೆ, ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ. ಮಲಗುವ ಮುಂಚೆ ಒಮ್ಮೆ, ಎದ್ದ ತಕ್ಷಣ ಒಮ್ಮೆ ನೋಡಿ. ಸೆಕೆಗೆ ಗಬ್ಬ ನಿಲ್ಲುವುದೂ ಕಷ್ಟ. ಮಳೆ ಬಿದ್ದು ತಂಪಾದ ಮೇಲೆ ಕೊಡಿಸಿದರೆ ನಿಲ್ಲುವ ಸಾಧ್ಯತೆ ಹೆಚ್ಚು.

ಹಳ್ಳಿಕಾರ್ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ತಳಿ, ನನಗೂ ಪ್ರೀತಿ. ಆದರೆ ಅದು ಉಳುಮೆಯ ತಳಿ. ಅದರ ಹಾಲು ಡೈರಿಗೆ ಹಾಕಿ ಸಾಲ ತೀರಿಸಲು ಆಗುವುದಿಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಎಚ್‌ಎಫ್ ರಕ್ತ ಹೆಚ್ಚಿದಷ್ಟೂ ಸೆಕೆಗೆ ಸೋಲುತ್ತದೆ. ಮುಂದಿನ ಕರುವಿಗೆ ಜೆರ್ಸಿ ಮಿಶ್ರತಳಿಯ ಇಂಜೆಕ್ಷನ್ ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ಗರಿ ಹೊದಿಸುವ ಕೆಲಸ ಈ ವಾರವೇ ಮಾಡಿಸಿ. ಹದಿನೈದು ದಿನ ಬಿಟ್ಟು ಮತ್ತೆ ಎರಡು ಗಂಟೆಗೆ ಉಸಿರು ಎಣಿಸಿ, ಎಷ್ಟಾಯಿತು ಅಂತ ನನಗೆ ಬರೆಯಿರಿ.